ಮಾನ ಯಾರ ಕೈಲಿದೆ?

ಕನ್ನಡದಲ್ಲಿ ಮಾನವನ್ನು ಕೊಡಬಹುದು, ಕಳೆಯಬಹುದು, ಹರಾಜು ಹಾಕಬಹುದು. ಉಡಲು ಗತಿಯಿಲ್ಲದವರು ಮಾನ ಮುಚ್ಚಿಕೊಳ್ಳಲು ತುಂಡು ಬಟ್ಟೆ ಕೇಳುತ್ತಾರೆ. ಶಾಲು ಹೊದಿಸಿದರೆ ಸನ್ಮಾನ, ಓಟದಲ್ಲಿ ಗೆದ್ದರೆ ಬಹುಮಾನ, ಹೆಸರು ಕೆಡಿಸಿ ಬರೆದರೆ ಮಾನನಷ್ಟ ಮೊಕದ್ದಮೆ. ಇಷ್ಟೆಲ್ಲ ಕಡೆ ಓಡಾಡುವ ಪದ, ಮಗಳು ಬಟ್ಟೆಬರೆ ತುಂಬಿಕೊಂಡು ಕಾಲೇಜಿಗೆ ಹೊರಟು ನಿಂತ ದಿನ ಒಂದೇ ಅರ್ಥಕ್ಕೆ ಕುಗ್ಗಿಬಿಡುತ್ತದೆ.

ಮಂಗಳೂರಿನ ನಮ್ಮ ಕೆಥೊಲಿಕ್ ಮನೆಗಳಲ್ಲಿ ಅದನ್ನು ಕೊಂಕಣಿಯಲ್ಲಿ ಹೇಳುತ್ತಾರೆ: 'ಮಾನ್ ಸಾಂಬಾಳ್, ಪುತಾ.' ಮಾನ ಕಾಪಾಡಿಕೋ, ಮಗೂ. ಅಮ್ಮ ನನಗೆ ಹೇಳಿದ್ದು ರಾತ್ರಿಯ ತೇರ್ಸ್, ಅಂದರೆ ಜಪಸರದ ಪ್ರಾರ್ಥನೆ, ಮುಗಿದ ಮೇಲೆ, ಮನೆಯ ದೇವರ ಪೀಠವಾದ ಅಲ್ತಾರಿನ ಮೊಂಬತ್ತಿ ಆರಿಸುತ್ತ, ಜಪಸರವನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚುತ್ತ. ಅಣ್ಣ ಗಲ್ಫಿಗೆ ಹೊರಟಾಗಲೂ ಅದೇ ಅಲ್ತಾರು, ಅದೇ ಮೊಂಬತ್ತಿ. ಅವನಿಗೆ ಹೇಳಿದ್ದು ಮಾತ್ರ 'ಹೊತ್ತು ಹೊತ್ತಿಗೆ ಉಣ್ಣು' ಎಂದು. ಮಾನ ಅವನ ಸಾಮಾನಿನಲ್ಲಿ ಇರಲಿಲ್ಲ. ಮನೆಯವರೆಲ್ಲರ ಮಾನವೂ ನನ್ನೊಬ್ಬಳ ಸೂಟ್‌ಕೇಸಿಗೆ ಬಂದಿತ್ತು.

ಈಗ ನನ್ನ ಮಗಳು ಬೆಂಗಳೂರಿಗೆ ಹೊರಟಿದ್ದಾಳೆ. ಆ ಪದವನ್ನು ಬಿಟ್ಟುಬಿಡಲು ನನಗೆ ಮನಸ್ಸಿಲ್ಲ. ಆದರೆ ಅದನ್ನು ಅವಳ ಕೈಗೆ ಕೊಡುವ ಮೊದಲು ಅಂಟಿದ ಕೊಳೆ ತೊಳೆಯಬೇಕು.

ಎಲ್ಲಕ್ಕಿಂತ ಹೆಚ್ಚು ಕೊಳೆ ಇರುವುದು 'ಮಾನಭಂಗ'ದಲ್ಲಿ. ಬಸ್ಸಿನಲ್ಲಿ ಒಬ್ಬ ಕೈ ಹಾಕಿದರೆ ನಮ್ಮ ಪತ್ರಿಕೆಗಳು 'ಯುವತಿಯ ಮಾನಭಂಗ ಯತ್ನ' ಎಂದು ಬರೆಯುತ್ತಿದ್ದವು, ಈಗಲೂ ಬರೆಯುವುದುಂಟು. 1860ರ ದಂಡಸಂಹಿತೆಯ 354ನೇ ಕಲಮು ಇದೇ ಭಾವದ್ದು. 2024ರ ಜುಲೈಯಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಕಲಮಿನ ಸಂಖ್ಯೆ 74 ಆಯಿತು, ಭಾವ ಹಾಗೇ ಉಳಿಯಿತು. ಕೆಟ್ಟ ಕೆಲಸ ಮಾಡಿದವನು ಒಬ್ಬ, ಮುರಿದದ್ದು ಅವಳ ಮಾನ! ಇದು ಯಾವ ನ್ಯಾಯ?

ನಮ್ಮ ದೊತೊರ್ನ್ ತರಗತಿಯಲ್ಲಿ, ಅಂದರೆ ಇಗರ್ಜಿಯ ಧರ್ಮಬೋಧನೆಯ ತರಗತಿಯಲ್ಲಿ, ಸಂತ ಮರಿಯಾ ಗೊರೆಟ್ಟಿಯ ಕತೆ ಹೇಳದ ವರ್ಷವಿರಲಿಲ್ಲ. ಇಟಲಿಯ ಬಡ ರೈತರ ಮಗಳು. 1902ರಲ್ಲಿ, 11ನೇ ವಯಸ್ಸಿನಲ್ಲಿ, ಮೈಮೇಲೆ ಬಿದ್ದವನನ್ನು ತಡೆದದ್ದಕ್ಕೆ ಇರಿತಕ್ಕೊಳಗಾಗಿ ಸತ್ತಳು. ಸಾಯುವ ಮೊದಲು ಅವನನ್ನು ಕ್ಷಮಿಸಿದಳು. 1950ರಲ್ಲಿ ಅವಳನ್ನು ಸಂತಳೆಂದು ಸಾರಿದಾಗ ಹೆತ್ತ ತಾಯಿಯೇ ರೋಮಿನಲ್ಲಿದ್ದಳು. ಕತೆ ಕೇಳುತ್ತಿದ್ದ ನಮ್ಮ ತಲೆಗೆ ಹೋದದ್ದು ಮಾತ್ರ ಒಂದೇ: ಮಾನ ಹೋಗುವುದಕ್ಕಿಂತ ಪ್ರಾಣ ಹೋಗುವುದು ಮೇಲು. ಹಾಗಾದರೆ ತಡೆಯಲಾಗದೆ ಬದುಕಿ ಉಳಿದವಳ ಗತಿ? ಆ ಪ್ರಶ್ನೆಯನ್ನು ಯಾರೂ ಎತ್ತಲಿಲ್ಲ.

ಹದಿನಾರು ಶತಮಾನಗಳ ಹಿಂದೆಯೇ ಅದನ್ನು ಎತ್ತಿದವರಿದ್ದಾರೆ. 410ರಲ್ಲಿ ವಿಸಿಗೋಥರು ರೋಮನ್ನು ಸೂರೆ ಮಾಡಿದಾಗ ಕ್ರೈಸ್ತ ಹೆಂಗಸರ ಮೇಲೂ ಅತ್ಯಾಚಾರ ನಡೆಯಿತು. ಸಂತ ಅಗಸ್ಟೀನ್ 'ದೇವರ ನಗರ'ದ ಮೊದಲ ಭಾಗದಲ್ಲೇ ಅವರ ಪರವಾಗಿ ಬರೆದರು. ಶೀಲ ಮನಸ್ಸಿನ ಗುಣ. ಮನಸ್ಸು ಒಪ್ಪದಿದ್ದಾಗ ಇನ್ನೊಬ್ಬ ದೇಹಕ್ಕೆ ಮಾಡಿದ್ದು ಅವನ ಪಾಪವೇ ಹೊರತು ಅವಳದಲ್ಲ. ಪ್ರಾಣ ಕಳೆದುಕೊಳ್ಳದೆ ಉಳಿದವರನ್ನು ದೂರಬಾರದು. ರೋಮನ್ನರು ಪತಿವ್ರತೆಯೆಂದು ಹಾಡಿ ಹೊಗಳಿದ ಲುಕ್ರೀಶಿಯಾ ಅತ್ಯಾಚಾರದ ನಂತರ ತನ್ನನ್ನೇ ಇರಿದುಕೊಂಡದ್ದನ್ನು ಅವರು ಸರಿಯೆನ್ನಲಿಲ್ಲ. ಅವರ ಮಾತಿನ ಧಾಟಿ ಎಲ್ಲ ಕಡೆ ಮೃದುವಾಗಿಲ್ಲ, ನಿಜ. ಆದರೂ ನಮ್ಮದೇ ಧರ್ಮಸಭೆಯ ಇಷ್ಟು ದೊಡ್ಡ ಗುರುವಿನ ಈ ಮಾತು ನಮ್ಮ ದೊತೊರ್ನ್ ಬೆಂಚಿನವರೆಗೆ ಬರಲಿಲ್ಲವಲ್ಲ ಎಂದು ನನಗೆ ಇಂದಿಗೂ ಸಂಕಟ.

ಗೌರವ ಎಂಬ ಅರ್ಥದ 'ಮಾನ' ಹುಟ್ಟಿದ್ದು ಸಂಸ್ಕೃತದ 'ಮನ್' ಧಾತುವಿನಿಂದ. 'ಮನಸ್ಸು' ಹುಟ್ಟಿದ್ದೂ ಅಲ್ಲಿಂದಲೇ. ತಾಪಮಾನದ ಮಾನ ಬೇರೆ, ಅದು ಅಳತೆಯದು. ನಾವು ಹೆಣ್ಣುಮಕ್ಕಳ ವಿಷಯದಲ್ಲಿ ಮನಸ್ಸಿನ ಮಾನವನ್ನು ಮರೆತು ಅಳತೆಯ ಮಾನ ಹಿಡಿದೆವು: ಕುರ್ತಾ ಎಷ್ಟುದ್ದ, ಹಾಸ್ಟೆಲಿಗೆ ಬಂದದ್ದು ಎಷ್ಟು ಗಂಟೆಗೆ.

ಪರಿಶುದ್ಧತೆ ಬೇಡವೆಂದು ನಾನು ಮಗಳಿಗೆ ಹೇಳಲಾರೆ. ನಾನು ನಂಬಿ ಬಾಳಿದ್ದು ಅದು. ಆದರೆ ಅದು ತಾನಾಗಿ ಇಟ್ಟುಕೊಳ್ಳುವ ನಿಷ್ಠೆ, ಬೇರೆಯವರು ಕಿತ್ತುಕೊಂಡು ಹೋಗುವ ಒಡವೆಯಲ್ಲ. ಅದು ಹುಡುಗರಿಗೂ ಅಷ್ಟೇ ಸೇರಿದ್ದು. ಎರಡನೇ ಜಾನ್ ಪೌಲ್ ಪೋಪರು ಸ್ತ್ರೀಯ ಘನತೆಯ ಬಗ್ಗೆ 1988ರಲ್ಲಿ ಬರೆದ ಪತ್ರದಲ್ಲಿ, ವ್ಯಭಿಚಾರದಲ್ಲಿ ಸಿಕ್ಕಿಬಿದ್ದವಳೆಂದು ಯೇಸುವಿನ ಮುಂದೆ ಎಳೆದುತಂದ ಹೆಂಗಸನ್ನು ನೆನೆಯುತ್ತಾರೆ. ಪಾಪ ಇಬ್ಬರದು, ಬಯಲಲ್ಲಿ ನಿಂತವಳು ಒಬ್ಬಳೇ. ಗಂಡಸು ಮರೆಯಲ್ಲಿ ಉಳಿಯುವುದು ಆ ಕಾಲಕ್ಕೇ ಮುಗಿದಿಲ್ಲ ಎನ್ನುತ್ತಾರೆ ಅವರು.

ಆದ್ದರಿಂದ ಈ ಸಲ ಜಪಸರ ಕೊಟ್ಟು ನಾನು ಹೇಳಿದ್ದು ಹೀಗೆ. ಮಾನ್ ಸಾಂಬಾಳ್, ಪುತಾ: ನಿನ್ನದು, ನಿನ್ನ ಪಕ್ಕದಲ್ಲಿ ಕೂರುವವಳದು, ಜೊತೆಗೆ ಓದುವ ಹುಡುಗರದೂ. ನಮ್ಮ ಮನೆತನದ್ದನ್ನು ಹೊರಬೇಡ, ಅದನ್ನು ನಾವು ನೋಡಿಕೊಳ್ಳುತ್ತೇವೆ. ಇಷ್ಟವಿಲ್ಲದ್ದಕ್ಕೆ ಬೇಡವೆನ್ನು, ಜೋರಾಗಿ ಅನ್ನು. ಏನಾದರೂ ಆಗಿಹೋದರೆ ಎಷ್ಟು ಹೊತ್ತಿಗಾದರೂ ಫೋನ್ ಮಾಡು. ಯಾಕೆ ಹೋಗಿದ್ದೆ, ಏನು ಹಾಕಿಕೊಂಡಿದ್ದೆ ಎಂದು ಇಲ್ಲಿ ಯಾರೂ ಕೇಳುವುದಿಲ್ಲ. ಅಪ್ಪ ಫೋನ್ ಎತ್ತಿದರೆ ನನ್ನನ್ನು ಕರೆಯಲು ಹೇಳಬೇಡ, ಅವರಿಗೇ ಹೇಳು.