ಮಳೆ ಎಷ್ಟು ಕೊಳಗ?

ಯುಗಾದಿಯಂದು ಪಂಚಾಂಗ ಶ್ರವಣದಲ್ಲಿ "ಈ ವರ್ಷ ಇಷ್ಟು ಕೊಳಗ ಮಳೆ" ಎಂದು ಓದುವುದನ್ನು ನೀವೆಲ್ಲ ಕೇಳಿದ್ದೀರಿ. ಬಹಳ ವರ್ಷಗಳ ಹಿಂದೆ ನಾನು ಮಳೆಮಾಪಕದ ಪಾಠ ಮಾಡುತ್ತಿದ್ದಾಗ ಹುಡುಗನೊಬ್ಬ ಎದ್ದು ನಿಂತು, "ಸಾರ್, ಕೊಳಗ ರಾಗಿ ಅಳೆಯುವುದಲ್ಲವೇ? ಅದರಲ್ಲಿ ಮಳೆ ಅಳೆಯುವುದು ಹೇಗೆ?" ಎಂದು ಕೇಳಿದ. ಅಂದು ನಾನು ಕೊಟ್ಟದ್ದು ಅರ್ಧ ಉತ್ತರ. ಉಳಿದರ್ಧ ಇಲ್ಲಿದೆ.

ಕೌಟಿಲ್ಯನ ಅರ್ಥಶಾಸ್ತ್ರ ಮರಳಿ ಬೆಳಕು ಕಂಡದ್ದು ನಮ್ಮ ಮೈಸೂರಿನಲ್ಲಿ. ತಂಜಾವೂರು ಸೀಮೆಯ ಪಂಡಿತರೊಬ್ಬರು ಅಲ್ಲಿನ ಓರಿಯಂಟಲ್ ಲೈಬ್ರರಿಗೆ ಒಪ್ಪಿಸಿದ ತಾಳೆಗರಿ ಪ್ರತಿಯನ್ನು ಆರ್. ಶಾಮಶಾಸ್ತ್ರಿಗಳು ಗುರುತಿಸಿ, ೧೯೦೯ರಲ್ಲಿ ಅಚ್ಚು ಹಾಕಿಸಿದರು. ಅದರ ಎರಡನೆಯ ಅಧಿಕರಣದಲ್ಲಿ ಒಂದು ಪುಟ್ಟ ವಿಧಿಯಿದೆ. ಮಳೆಯನ್ನು ಅಳೆಯಲು ಕೋಷ್ಠಾಗಾರದಲ್ಲಿ, ಅಂದರೆ ಧಾನ್ಯದ ಉಗ್ರಾಣದಲ್ಲಿ, ಒಂದು ಅರತ್ನಿ ಅಗಲದ ಬಾಯುಳ್ಳ ಕುಂಡವನ್ನು ಇಡಬೇಕು. ಅರತ್ನಿಯೆಂದರೆ ೨೪ ಅಂಗುಲ, ಸರಿಸುಮಾರು ನಮ್ಮ ಒಂದು ಮೊಳ. ಮುಂದೆ ಕೃಷಿಯ ಅಧಿಕಾರಿಯ ಪ್ರಕರಣದಲ್ಲಿ ಒಣನಾಡಿಗೆ ೧೬ ದ್ರೋಣ, ನೀರಿನ ನಾಡಿಗೆ ಅದರ ಒಂದೂವರೆ ಪಟ್ಟು, ಅವಂತಿಗೆ ೨೩ ದ್ರೋಣ ಎಂದು ಮಳೆಯ ಲೆಕ್ಕ ಬರುತ್ತದೆ. ಈ ಲೆಕ್ಕ ನೋಡಿಕೊಂಡೇ ಹೆಚ್ಚು ನೀರಿನ ಪೈರನ್ನೋ ಕಡಿಮೆ ನೀರಿನದನ್ನೋ ಬಿತ್ತಿಸಬೇಕಂತೆ. ದ್ರೋಣವೂ ಕೊಳಗದಂತೆ ಧಾನ್ಯದ ಅಳತೆಯೇ.

ಆದರೆ ಬಾಯಿಯ ಅಗಲ ಹೇಳದೆ ದ್ರೋಣವನ್ನಷ್ಟೇ ಹೇಳಿದ್ದರೆ ಅದಕ್ಕೆ ಅರ್ಥವೇ ಇರುತ್ತಿರಲಿಲ್ಲ. ನಮ್ಮಲ್ಲಿ ಬಳಕೆಗೆ ಬಂದ ಸೈಮನ್ಸ್ ಮಳೆಮಾಪಕದ ಆಲಿಕೆಯ ಬಾಯಿ ೧೨೭ ಮಿಲಿಮೀಟರ್. ೧೦ ಮಿಲಿಮೀಟರ್ ಮಳೆ ಬಿದ್ದರೆ ಅದರೊಳಗಿನ ಸೀಸೆಗೆ ಇಳಿಯುವ ನೀರು ಸುಮಾರು ೧೨೭ ಮಿಲಿಲೀಟರ್. ಅದೇ ಮಳೆಗೆ ಮೊಳದಗಲದ ದುಂಡು ಬಾಯಿಯ ಕುಂಡದಲ್ಲಿ ಒಂದೂವರೆ ಲೀಟರಿಗೂ ಮಿಕ್ಕಿ ನಿಲ್ಲುತ್ತದೆ. ಆಯಾ ಬಾಯಿಯ ವಿಸ್ತೀರ್ಣದಿಂದ ಭಾಗಿಸಿದರೆ ಎರಡರಲ್ಲೂ ಸಿಗುವುದು ಅದೇ ೧೦ ಮಿಲಿಮೀಟರ್. ಈ ಭಾಗಾಕಾರದ ತೊಂದರೆ ತಪ್ಪಿಸಲೆಂದೇ ಮಾಪಕದ ಜೊತೆಗೆ ಗೀಟು ಹಾಕಿದ ಗಾಜಿನ ಜಾಡಿ ಕೊಡುತ್ತಾರೆ. ಆಲಿಕೆಯಿಂದ ಇನ್ನೊಂದು ಉಪಕಾರವುಂಟು: ಸೀಸೆಯ ನೀರು ಬಿಸಿಲಿಗೆ ಬೇಗ ಆರುವುದಿಲ್ಲ. ಬೆಳಿಗ್ಗೆ ಎಂಟೂವರೆಗೆ ನೀರನ್ನು ಸುರಿದು ಓದಿಕೊಂಡರೆ ಹಿಂದಿನ ೨೪ ಗಂಟೆಗಳ ಮಳೆ ತಿಳಿಯಿತು.

ಇಷ್ಟೆಲ್ಲ ಪಾಠ ಹೇಳಿದ ನಾನೇ ನಮ್ಮ ಶಾಲೆಯ ಮಾಪಕವನ್ನು ಮಕ್ಕಳು ಎಡವಿಯಾರೆಂದು ಹೊಂಗೆಮರದ ಮಗ್ಗುಲಲ್ಲಿ ನೆಡಿಸಿದ್ದೆ! ಅಡ್ಡವಿರುವ ಮರ, ಗೋಡೆಗಳ ಎತ್ತರದ ಎರಡು ಪಟ್ಟಾದರೂ ದೂರವಿರಬೇಕು. ಒಂದು ಮುಂಗಾರಿನ ಲೆಕ್ಕ ಪೂರಾ ಕೆಟ್ಟಿತು. ನಮ್ಮದು ಮಕ್ಕಳ ಅಭ್ಯಾಸ, ಯಾರಿಗೂ ನಷ್ಟವಾಗಲಿಲ್ಲ. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಹಾಗಲ್ಲ. ಅಲ್ಲಿ ರೈತನಿಗೆ ಪರಿಹಾರ ಸಿಗುವುದು, ಸಿಗದಿರುವುದು ಮಾಪಕದ ಅಂಕಿಯ ಮೇಲೆ ನಿಂತಿದೆ. ಅದು ಮರದ ನೆರಳಲ್ಲಿದ್ದರೆ?

ಇನ್ನು ಪಂಚಾಂಗದ ಕೊಳಗ. 'ಕೃಷಿಪರಾಶರ'ವೆಂಬ ಹಳೆಯ ಗ್ರಂಥ ಮಳೆಯ ಆಢಕಕ್ಕೆ, ಅಂದರೆ ದ್ರೋಣದ ಕಾಲುಭಾಗಕ್ಕೆ, ನೂರು ಯೋಜನ ಅಗಲವನ್ನು ಹೇಳುತ್ತದೆ. ಅಂಥ ಪಾತ್ರೆಯನ್ನು ಯಾವ ಅಂಗಳದಲ್ಲಿ ಇಡೋಣ? ಗ್ರಹಗತಿ ನೋಡಿ ಮೊದಲೇ ಹೇಳುವ ಮಳೆ ಅದು; ಬಿದ್ದ ಮೇಲೆ ಅಳೆದದ್ದಲ್ಲ. ಆ ಹುಡುಗನಿಗೆ ಅಂದು ನಾನು ಹೇಳದೆ ಬಿಟ್ಟದ್ದು ಇದನ್ನೇ.