ಹಗ್ಗ ಬಿಚ್ಚಿದ ಮೇಲೆ

ಬೀಜಾಡಿಯಂಥ ಕಡಲ ಕರೆಯ ಊರುಗಳಲ್ಲಿ ಕರಡಿ ಎಂದೊಡನೆ ನೆನಪಾಗುವುದು ಬಯಲಾಟದ ಜಾಂಬವಂತ. ‘ಜಾಂಬವತಿ ಕಲ್ಯಾಣ’ ಪ್ರಸಂಗದಲ್ಲಿ ಶ್ಯಮಂತಕ ಮಣಿಯನ್ನು ಹುಡುಕಿಕೊಂಡು ಗುಹೆಗೆ ಬಂದ ಶ್ರೀಕೃಷ್ಣನೊಡನೆ ಈತ ಸರಿಸಮನಾಗಿ ಕಾದುತ್ತಾನೆ, ಮಾತಿಗೆ ಮಾತು ಹೂಡುತ್ತಾನೆ. ಎದುರಿಗಿರುವವನು ತನ್ನ ರಾಮನೇ ಎಂದು ತಿಳಿದಾಗ ಮಣಿಯ ಜತೆಗೆ ಮಗಳನ್ನೂ ಒಪ್ಪಿಸುತ್ತಾನೆ. ಇನ್ನು ನವರಾತ್ರಿ ಬಂತೆಂದರೆ ಕರಾವಳಿಯ ಬೀದಿಗಳಲ್ಲಿ ಹುಲಿವೇಷದ ಹಿಂದೆ ಕರಡಿ ವೇಷವೂ ಮನೆ ಬಾಗಿಲಿಗೆ ಬರುತ್ತದೆ.

ಆದರೆ ನಾಡಿನ ಹಿರಿಯರ ನೆನಪಿನಲ್ಲಿ ಇನ್ನೊಂದು ಕರಡಿಯಿದೆ. ಮೂತಿಗೆ ಹಗ್ಗ ಪೋಣಿಸಿಕೊಂಡು, ಡಮರುವಿನ ಸದ್ದಿಗೆ ಹಿಂಗಾಲ ಮೇಲೆ ನಿಂತು ಕುಣಿಯುತ್ತಿದ್ದ ನಿಜವಾದ ಕರಡಿ. ಅದರ ಬೆನ್ನ ಮೇಲೆ ಮಗುವನ್ನು ಕೂರಿಸಿದರೆ ಹೆದರಿಕೆ ಬಿಡುತ್ತದೆ, ಅದರ ಕೂದಲನ್ನು ತಾಯಿತದಲ್ಲಿ ಕಟ್ಟಿದರೆ ದೃಷ್ಟಿ ತಾಗದು ಎಂಬ ನಂಬಿಕೆ ಇತ್ತು. ಈಗ ಇಪ್ಪತ್ತರ ಹರೆಯದಲ್ಲಿರುವ ನಮ್ಮಲ್ಲಿ ಹೆಚ್ಚಿನವರು ಆ ಕುಣಿತವನ್ನು ಕಂಡವರಲ್ಲ. ಹಾಗಾದರೆ ಆ ಕರಡಿಗಳೆಲ್ಲ ಎಲ್ಲಿಗೆ ಹೋದವು? ಉತ್ತರದ ಒಂದು ಭಾಗ ಬೆಂಗಳೂರಿನ ಹೊರವಲಯದ ಬನ್ನೇರುಘಟ್ಟದಲ್ಲಿದೆ.

ಕುಣಿತದ ಹಿಂದಿನ ಕಥೆ

ಕರಡಿ ಆಡಿಸುವುದು ಕಲಂದರ್ ಎಂಬ ಅಲೆಮಾರಿ ಮುಸ್ಲಿಂ ಸಮುದಾಯದ ವಂಶಪಾರಂಪರ್ಯ ಕಸುಬು. ಮೊಗಲರ ಕಾಲದಲ್ಲಿ ಇವರ ಆಟಕ್ಕೆ ಅರಮನೆಗಳ ಆಶ್ರಯ ಇತ್ತೆಂದು ಹೇಳಲಾಗುತ್ತದೆ. ಅರಸೊತ್ತಿಗೆಗಳು ಹೋದ ಮೇಲೆ ಉಳಿದದ್ದು ರಸ್ತೆ, ಸಂತೆ, ಜಾತ್ರೆ. ಒಂದು ಕರಡಿ ಒಂದು ಕುಟುಂಬದ ಅನ್ನಕ್ಕೆ ಆಧಾರ. ಅದರ ಆಚೆಗೆ ಹೊಲವಿಲ್ಲ, ಮನೆಯಿಲ್ಲ, ಮಕ್ಕಳಿಗೆ ಶಾಲೆಯಿಲ್ಲ.

ಈ ಅನ್ನ ಹುಟ್ಟುತ್ತಿದ್ದುದು ಮಾತ್ರ ಕ್ರೌರ್ಯದಿಂದ. ಕಾಡಿನಲ್ಲಿ ತಾಯಿ ಕರಡಿ ಸಾಮಾನ್ಯವಾಗಿ ಒಂದೋ ಎರಡೋ ಮರಿ ಹಾಕುತ್ತದೆ. ಮರಿಗಳನ್ನು ಬೆನ್ನ ಮೇಲೆ ಹೊತ್ತು ತಿರುಗುವುದು ನಮ್ಮ ಕರಡಿಯ ವಿಶೇಷ. ಸುಮಾರು ಎರಡು ವರ್ಷದವರೆಗೆ ಮರಿ ತಾಯಿಯನ್ನು ಬಿಡುವುದಿಲ್ಲ. ಹೀಗಿರುವಾಗ ಮರಿ ಬೇಕಾದರೆ ತಾಯಿಯನ್ನು ಕೊಲ್ಲಬೇಕು, ಇಲ್ಲವೇ ಅದು ಆಹಾರಕ್ಕೆ ಹೋದಾಗ ಗವಿಗೆ ನುಗ್ಗಬೇಕು. ಹಾಗೆ ತಂದ ಮರಿಯ ಮೂತಿಯನ್ನು ಕಾಯಿಸಿದ ಕಬ್ಬಿಣದ ಸೂಜಿಯಿಂದ ಚುಚ್ಚಿ ಹಗ್ಗ ಪೋಣಿಸುತ್ತಿದ್ದರು. ಅರಿವಳಿಕೆಯ ಮಾತೇ ಇಲ್ಲ. ಕೋರೆಹಲ್ಲುಗಳನ್ನು ಬಡಿದು ಮುರಿಯುತ್ತಿದ್ದರು. ಹಗ್ಗ ಜಗ್ಗಿದಾಗಲೆಲ್ಲ ಹುಣ್ಣು ಕೆದರುತ್ತದೆ. ನೋವು ತಡೆಯಲಾರದೆ ಪ್ರಾಣಿ ಎದ್ದು ನಿಂತು ಕಾಲು ಬದಲಿಸುತ್ತದೆ. ನೋಡುವವರು ಅದನ್ನು ಕುಣಿತ ಎನ್ನುತ್ತಿದ್ದರು.

ಹಲ್ಲಿನ ವಿಷಯದಲ್ಲಿ ಈ ಪ್ರಾಣಿಗೆ ಮೊದಲೇ ಒಂದು ಕೊರತೆಯಿದೆ. ಮೇಲ್ದವಡೆಯ ನಡುವಿನ ಎರಡು ಬಾಚಿಹಲ್ಲುಗಳು ಇದಕ್ಕೆ ಇರುವುದಿಲ್ಲ. ಆ ಸಂದಿಯಿಂದಲೇ ಅದು ಗೆದ್ದಲನ್ನು ಗಾಳಿಯ ಸಮೇತ ಹೀರಿಕೊಳ್ಳುವುದು. 1791ರಲ್ಲಿ ಇಂಗ್ಲೆಂಡಿನ ಜಾರ್ಜ್ ಶಾ ಎಂಬ ಜೀವವಿಜ್ಞಾನಿ ಈ ಹಲ್ಲಿನ ಕೊರತೆ ಮತ್ತು ಉದ್ದನೆಯ ಉಗುರುಗಳನ್ನು ನೋಡಿ, ಮರಕ್ಕೆ ಜೋತು ಬೀಳುವ ದಕ್ಷಿಣ ಅಮೆರಿಕದ ‘ಸ್ಲಾತ್’ ಪ್ರಾಣಿಯ ಬಳಗಕ್ಕೆ ಇದನ್ನು ಸೇರಿಸಿಬಿಟ್ಟ. ತಪ್ಪು ತಿದ್ದಿದ ಮೇಲೂ ಇಂಗ್ಲಿಷಿನಲ್ಲಿ ‘ಸ್ಲಾತ್ ಬೇರ್’ ಎಂಬ ಹೆಸರು ಉಳಿದುಕೊಂಡಿತು.

ಕಾನೂನು ಇತ್ತು, ಆದರೆ…

ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದು 1972ರಲ್ಲಿ. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ ಅದಕ್ಕೂ ಹಳೆಯದು, 1960ರದ್ದು. ಅದರ ಅಡಿಯಲ್ಲಿ ಕರಡಿ, ಕೋತಿ, ಹುಲಿ, ಚಿರತೆ, ಸಿಂಹಗಳನ್ನು ಪಳಗಿಸಿ ಆಡಿಸಬಾರದೆಂದು ಕೇಂದ್ರ ಸರಕಾರ 1998ರ ಅಕ್ಟೋಬರ್‌ನಲ್ಲಿ ಆದೇಶ ಹೊರಡಿಸಿತು. ಸರ್ಕಸ್ ಮಾಲೀಕರು ಕೋರ್ಟಿಗೆ ಹೋದರು. 2001ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆದೇಶವನ್ನು ಎತ್ತಿಹಿಡಿಯಿತು.

ಇಷ್ಟಾದರೂ ರಸ್ತೆಯ ಮೇಲಿನ ಕುಣಿತ ನಿಲ್ಲಲಿಲ್ಲ. ಕಾರಣ ಸರಳ. ಪೊಲೀಸರೋ ಅರಣ್ಯ ಇಲಾಖೆಯವರೋ ಕರಡಿಯನ್ನು ವಶಪಡಿಸಿಕೊಂಡರೆ ಅದನ್ನು ಇಡುವುದು ಎಲ್ಲಿ? ಕರಡಿ ಕಳೆದುಕೊಂಡವನು ಮರುದಿನ ಉಣ್ಣುವುದೇನು? ಒಂದು ಕರಡಿ ಹೋದರೆ ಅವನು ಸಾಲ ಮಾಡಿ ಇನ್ನೊಂದು ಮರಿ ತರುತ್ತಾನೆ. ಅಂದರೆ ಕಾಡಿನಲ್ಲಿ ಇನ್ನೊಂದು ತಾಯಿ ಸಾಯುತ್ತದೆ. ಈ ಎರಡು ಪ್ರಶ್ನೆಗಳಿಗೂ ಒಟ್ಟಿಗೆ ಉತ್ತರ ಸಿಗುವವರೆಗೆ ಕಾನೂನು ಕಾಗದದ ಮೇಲೆಯೇ ಇತ್ತು ಎನ್ನದೆ ವಿಧಿಯಿಲ್ಲ.

ಉತ್ತರ ಹುಡುಕಿದವರು ಕಾರ್ತಿಕ್ ಸತ್ಯನಾರಾಯಣ ಮತ್ತು ಗೀತಾ ಶೇಷಮಣಿ. ಇವರು 1995ರಲ್ಲಿ ಸ್ಥಾಪಿಸಿದ ವೈಲ್ಡ್‌ಲೈಫ್ ಎಸ್‌ಒಎಸ್ ಸಂಸ್ಥೆ, ಸರಕಾರದ ಜತೆಗೂಡಿ ಆಗ್ರಾದ ಬಳಿ ಕರಡಿಗಳಿಗೊಂದು ಆಶ್ರಯಧಾಮ ಕಟ್ಟಿತು. 2002ರ ಕೊನೆಯಲ್ಲಿ ಅಲ್ಲಿಗೆ ಮೊದಲ ಕರಡಿಗಳು ಬಂದವು. ದಕ್ಷಿಣದ ಕರಡಿಗಳಿಗಾಗಿ ಬನ್ನೇರುಘಟ್ಟದ ಕೇಂದ್ರ 2005ರಲ್ಲಿ ಶುರುವಾಯಿತು.

ಬನ್ನೇರುಘಟ್ಟದ ದಿನಚರಿ

ಕೇಂದ್ರಕ್ಕೆ ಬಂದ ಕರಡಿಯನ್ನು ನೇರವಾಗಿ ಉಳಿದವುಗಳ ನಡುವೆ ಬಿಡುವುದಿಲ್ಲ. ಸುಮಾರು ಮೂರು ತಿಂಗಳು ಪ್ರತ್ಯೇಕವಾಸ. ಕ್ಷಯದಂಥ ರೋಗ ಮನುಷ್ಯರಿಂದ ಕರಡಿಗೂ ತಗಲಬಹುದು, ಒಂದರಿಂದ ಇನ್ನೊಂದಕ್ಕೂ ದಾಟಬಹುದು ಎಂಬುದು ಇದಕ್ಕೆ ಕಾರಣ. ಅರಿವಳಿಕೆ ಕೊಟ್ಟು ಮೂತಿಯ ಹಗ್ಗವನ್ನು ಕತ್ತರಿಸಿ ತೆಗೆಯುತ್ತಾರೆ. ಹಳೆಯ ಹುಣ್ಣಿಗೆ ಮದ್ದು, ಮುರಿದ ಹಲ್ಲಿನ ಬೇರುಗಳಲ್ಲಿ ಕೀವು ತುಂಬಿದ್ದರೆ ಶಸ್ತ್ರಚಿಕಿತ್ಸೆ. ಕೆಲವಕ್ಕೆ ಕಣ್ಣು ಕಾಣುವುದಿಲ್ಲ. ಅಂಥವು ವಾಸನೆಯ ಜಾಡು ಹಿಡಿದೇ ಜಾಗದ ಪರಿಚಯ ಮಾಡಿಕೊಳ್ಳಬೇಕು.

ಬೆಳಿಗ್ಗೆ ಗಂಜಿಯ ಸಮಯ. ಧಾನ್ಯದ ಹಿಟ್ಟಿನಿಂದ ಮಾಡಿದ ಗಂಜಿಗೆ ಹಾಲು, ಜೇನು, ಮೊಟ್ಟೆ ಸೇರುತ್ತದೆ. ಹಲ್ಲಿಲ್ಲದ ಬಾಯಿಗೆ ಇದಕ್ಕಿಂತ ಹಿತವಾದ ಆಹಾರ ಬೇರೇನಿದೆ? ಮಾತ್ರೆ ನುಂಗಿಸಬೇಕಾದರೂ ಜೇನೇ ಉಪಾಯ. ಗಂಜಿ ಮುಗಿದ ಮೇಲೆ ಮರಗಿಡಗಳಿರುವ ವಿಶಾಲ ಆವರಣಕ್ಕೆ ಬಾಗಿಲು ತೆರೆಯುತ್ತದೆ. ಅಷ್ಟರಲ್ಲಿ ಸಿಬ್ಬಂದಿ ಆವರಣವನ್ನು ಸಜ್ಜುಗೊಳಿಸಿರುತ್ತಾರೆ. ಮರದ ದಿಮ್ಮಿಯ ತೂತುಗಳಿಗೆ ಜೇನು ಸವರುವುದು, ಕಲ್ಲಿನ ಸಂದಿಯಲ್ಲಿ ಹಣ್ಣು ಬಚ್ಚಿಡುವುದು, ಹಳೆಯ ಟಯರು ಕಟ್ಟಿ ಉಯ್ಯಾಲೆ ಮಾಡುವುದು ಇವರ ನಿತ್ಯದ ಕೆಲಸ. ಬೇಸಿಗೆಯಲ್ಲಿ ನೀರಿನ ತೊಟ್ಟಿ, ಮಂಜುಗಡ್ಡೆಯೊಳಗೆ ಹಣ್ಣು. ಸಂಜೆ ಮತ್ತೆ ಹಣ್ಣು ಹಂಪಲು, ಕತ್ತಲಾದರೆ ಗೂಡು.

ಕರಡಿಗೆ ಆಟಿಕೆ ಯಾಕೆ ಎಂದು ಓದುಗರು ಕೇಳಬಹುದು. ಕಾಡಿನ ಕರಡಿಯ ದಿನದ ಬಹುಭಾಗ ಹುತ್ತ ಕೆದಕುವುದರಲ್ಲಿ, ಜೇನು ಹುಡುಕುವುದರಲ್ಲಿ, ನೇರಳೆ, ಬಾರೆ, ಕಕ್ಕೆಕಾಯಿಗಾಗಿ ಅಲೆಯುವುದರಲ್ಲಿ ಕಳೆಯುತ್ತದೆ. ಕುಣಿಯುತ್ತಿದ್ದ ಕರಡಿಗೆ ಅದಾವುದೂ ಗೊತ್ತಿಲ್ಲ. ಹಗ್ಗ ಹೋದ ಮೇಲೂ ಇಂಥವು ನಿಂತಲ್ಲೇ ತಲೆ ತೂಗುತ್ತವೆ, ನಾಲ್ಕು ಹೆಜ್ಜೆ ಅತ್ತ, ನಾಲ್ಕು ಹೆಜ್ಜೆ ಇತ್ತ ನಡೆಯುತ್ತವೆ. ಹಗ್ಗದ ಅಳತೆ ಮೆದುಳಿನಲ್ಲಿ ಉಳಿದುಬಿಟ್ಟಿರುತ್ತದೆ. ಹುಡುಕಿ ತಿನ್ನುವ ಅಭ್ಯಾಸ ಮರಳಿದಂತೆ ಈ ತೂಗಾಟ ಕಡಿಮೆಯಾಗುತ್ತದೆ. ಜೇನು ಸವರಿದ ದಿಮ್ಮಿಯೂ ಒಂದು ಮದ್ದೇ.

ಕಾಡಿಗೆ ಏಕೆ ಬಿಡಬಾರದು?

ಇಷ್ಟೆಲ್ಲ ಖರ್ಚು ಮಾಡುವ ಬದಲು ಕಾಡಿಗೇ ಬಿಟ್ಟರಾಗದೇ ಎಂಬ ಪ್ರಶ್ನೆ ಸಹಜ. ಯಾವ ಕಾಲದಲ್ಲಿ ಯಾವ ಹಣ್ಣು, ಹುಲಿ ಎದುರಾದರೆ ಏನು ಮಾಡಬೇಕು ಎಂಬ ಪಾಠವನ್ನು ಕಲಿಸಬೇಕಾಗಿದ್ದ ತಾಯಿಯನ್ನು ಕೊಂದಾಗಿದೆ. ಕೋರೆಹಲ್ಲಿಲ್ಲದೆ ಅದು ತನ್ನನ್ನು ರಕ್ಷಿಸಿಕೊಳ್ಳಲಾರದು. ಎಲ್ಲಕ್ಕಿಂತ ಅಪಾಯ, ಮನುಷ್ಯನನ್ನು ಕಂಡರೆ ಅದು ದೂರ ಓಡುವುದಿಲ್ಲ.

ಆಫ್ರಿಕದ ಚಿಂಪಾಂಜಿಗಳ ಪಾಡೂ ಇದೇ. ಅಲ್ಲಿಯೂ ತಾಯಿಯನ್ನು ಮಾಂಸಕ್ಕಾಗಿ ಕೊಂದು ಮರಿಯನ್ನು ಸಾಕಲು ಮಾರುತ್ತಾರೆ. ಹಾಗೆ ಸಿಕ್ಕ ಮರಿಗಳಿಗಾಗಿ 1983ರಲ್ಲಿ ಜಾಂಬಿಯಾದ ಚಿಂಫುನ್ಶಿ, 1992ರಲ್ಲಿ ಕಾಂಗೋ ಗಣರಾಜ್ಯದ ಚಿಂಪೌಂಗಾ, 1998ರಲ್ಲಿ ಉಗಾಂಡದ ವಿಕ್ಟೋರಿಯಾ ಸರೋವರದ ನಡುವಿನ ಎನ್‌ಗಾಂಬಾ ದ್ವೀಪದಲ್ಲಿ ಆಶ್ರಯಧಾಮಗಳು ಹುಟ್ಟಿಕೊಂಡವು. ಎನ್‌ಗಾಂಬಾದಲ್ಲಿ ಚಿಂಪಾಂಜಿಗಳು ಹಗಲು ಕಾಡಿನಲ್ಲಿ ಸುತ್ತಿ, ಊಟಕ್ಕೆ ಕೂಗಿದಾಗ ಬೇಲಿಯ ಬಳಿ ಬರುತ್ತವೆ, ರಾತ್ರಿ ಮಲಗಲು ಗೂಡಿಗೆ ಮರಳುತ್ತವೆ. ಚಿಂಪಾಂಜಿ ಐವತ್ತು ವರ್ಷ ಬದುಕಬಲ್ಲದು. ಕರಡಿ ಸಾಕಣೆಯಲ್ಲಿ ಮೂವತ್ತರ ತನಕವೂ ಬಾಳಬಲ್ಲದು. ಒಂದು ದಿನದ ರಕ್ಷಣಾ ಕಾರ್ಯಾಚರಣೆಗೆ ಪತ್ರಿಕೆಯಲ್ಲಿ ಫೋಟೊ ಬರುತ್ತದೆ. ಆಮೇಲಿನ ಇಪ್ಪತ್ತು, ಮೂವತ್ತು ವರ್ಷ ಪ್ರತಿ ಬೆಳಿಗ್ಗೆ ಗಂಜಿ ಬೇಯಿಸುವುದೇ ನಿಜವಾದ ರಕ್ಷಣೆ.

ಕಲಂದರರ ಬದುಕು

ಹಗ್ಗದ ಒಂದು ತುದಿ ಬಿಚ್ಚಿತು. ಇನ್ನೊಂದು ತುದಿ ಹಿಡಿದವನ ಗತಿ? ಈ ಯೋಜನೆ ಗೆದ್ದದ್ದು ಈ ಪ್ರಶ್ನೆಯನ್ನು ಮರೆಯದೇ ಇದ್ದುದರಿಂದ. ಕರಡಿ ಒಪ್ಪಿಸಿದ ಕುಟುಂಬಕ್ಕೆ ಬೇರೆ ಕಸುಬು ಆರಂಭಿಸಲು ಸುಮಾರು 50 ಸಾವಿರ ರೂಪಾಯಿ ಕೊಡಲಾಯಿತು. ಕೆಲವರು ಆಟೋ ಓಡಿಸಿದರು, ಕೆಲವರು ಅಂಗಡಿ ಇಟ್ಟರು, ಹೆಂಗಸರು ಹೊಲಿಗೆ, ನೇಯ್ಗೆ ಕಲಿತರು. ಮಕ್ಕಳು ಶಾಲೆಗೆ ಹೋದರು. ಕರಡಿ ಆಡಿಸುತ್ತಿದ್ದವರಲ್ಲಿ ಕೆಲವರು ಈ ಆಶ್ರಯಧಾಮಗಳಲ್ಲೇ ನೌಕರಿಗೆ ಸೇರಿದರು. ಪರಿಹಾರಕ್ಕೆ ಒಂದೇ ಷರತ್ತು: ಮತ್ತೆ ಮರಿ ತರಬಾರದು.

2009ರ ಡಿಸೆಂಬರ್‌ನಲ್ಲಿ ರಾಜು ಎಂಬ ಕರಡಿ ಬನ್ನೇರುಘಟ್ಟಕ್ಕೆ ಬಂತು. ದೇಶದಲ್ಲಿ ಉಳಿದಿದ್ದ ಕೊನೆಯ ಕುಣಿಯುವ ಕರಡಿ ಎಂದು ಸಂಸ್ಥೆ ಸಾರಿದ್ದು ಇದನ್ನೇ. ಒಟ್ಟು 628 ಕರಡಿಗಳನ್ನು ಬಿಡಿಸಲಾಯಿತು ಎಂಬುದು ಸಂಸ್ಥೆಯ ಲೆಕ್ಕ. ಶತಮಾನಗಳ ಒಂದು ಪದ್ಧತಿ ಹೀಗೆ ಕೊನೆಗೊಂಡದ್ದು ಕರ್ನಾಟಕದ ನೆಲದಲ್ಲಿ. ಅದಕ್ಕೆ ಎರಡು ವರ್ಷ ಮೊದಲು, 2007ರಲ್ಲಿ, ಬಲ್ಗೇರಿಯಾದ ಕೊನೆಯ ಮೂರು ಕುಣಿಯುವ ಕರಡಿಗಳು ಅಲ್ಲಿನ ಬೆಲಿಟ್ಸಾ ಆಶ್ರಯಧಾಮವನ್ನು ಸೇರಿದ್ದವು. ನೇಪಾಳದಲ್ಲಿ 2017ರ ತನಕ ಕುಣಿತ ನಡೆದಿತ್ತು. ಅಲ್ಲಿ ಸಿಕ್ಕ ರಂಗೀಲಾ ಎಂಬ ಕರಡಿಯನ್ನು 2018ರಲ್ಲಿ ಆಗ್ರಾಕ್ಕೆ ತರಲಾಯಿತು.

ಖಾಲಿಯಾಗಬೇಕಾದ ಮನೆ

ನಮ್ಮ ನಾಡಿನಲ್ಲೇ ಇದಕ್ಕೆ ವಿರುದ್ಧವಾದ ಇನ್ನೊಂದು ನೋಟವಿದೆ. ಹಂಪಿಯಿಂದ ಅನತಿ ದೂರದಲ್ಲಿ 1994ರಲ್ಲಿ ಘೋಷಿತವಾದ ದರೋಜಿ ಕರಡಿಧಾಮದಲ್ಲಿ ಕರಡಿಗಳು ಬಂಡೆಗಳ ನಡುವೆ ಸ್ವತಂತ್ರವಾಗಿ ಬದುಕುತ್ತವೆ. ಅರಣ್ಯ ಸಿಬ್ಬಂದಿ ಮಧ್ಯಾಹ್ನ ಬಂಡೆಯ ಮೇಲೆ ಬೆಲ್ಲದ ಪಾಕ ಸವರಿ ಹೋದರೆ, ಕರಡಿಗಳು ತಾವಾಗಿಯೇ ಇಳಿದು ಬಂದು ನೆಕ್ಕಿ ಮರಳುತ್ತವೆ. ಬೆನ್ನ ಮೇಲೆ ಮರಿ ಹೊತ್ತ ತಾಯಿಯನ್ನು ಜನ ದೂರದ ವೀಕ್ಷಣಾ ಗೋಪುರದಿಂದ ನೋಡುತ್ತಾರೆ. ದರೋಜಿಯ ಗುಡ್ಡ ತುಂಬುತ್ತಿರಬೇಕು. ಬನ್ನೇರುಘಟ್ಟದ ಗೂಡುಗಳು ಖಾಲಿಯಾಗುತ್ತಿರಬೇಕು. ಕುಣಿದ ಕರಡಿಗಳು ಮುಪ್ಪಾಗಿ ಒಂದೊಂದೇ ಕಣ್ಣು ಮುಚ್ಚುತ್ತಿರುವಾಗ, ಆ ಜಾಗಕ್ಕೆ ಹೊಸದೊಂದು ಬರಬೇಕಾಗದಿದ್ದರೆ ಅದೇ ಕೇಂದ್ರದ ಗೆಲುವು.

ಆ ದಿನ ಇನ್ನೂ ಬಂದಿಲ್ಲ. ಕಾಡಿನಂಚಿನ ಹೊಲಗಳಲ್ಲಿ ಹಂದಿಗೆಂದು ಇಟ್ಟ ತಂತಿಯ ಉರುಳಿಗೆ ಕರಡಿಯ ಕಾಲು ಸಿಕ್ಕಿಬೀಳುತ್ತಿದೆ. ಹಾಗೆ ಕಾಲು ಕಳೆದುಕೊಂಡವು, ತಾಯಿ ಸತ್ತು ಉಳಿದ ಮರಿಗಳು ಆಶ್ರಯಧಾಮದ ಬಾಗಿಲಿಗೆ ಬರುತ್ತಿವೆ. ಕುದುರೆಮುಖದ ಕಾಡುಗಳಲ್ಲೂ ಕರಡಿಯಿದೆ. ಘಟ್ಟದ ಬುಡದಲ್ಲಿ ಬೆಳೆ ಕಾಯುವ ನಮ್ಮ ರೈತರಿಗೂ ಇದು ದೂರದ ಮಾತಲ್ಲ. ಹಂದಿ ಕಾಟ ಸುಳ್ಳಲ್ಲ. ಆದರೆ ಉರುಳಿಗೆ ಹಂದಿ ಯಾವುದು, ಕರಡಿ ಯಾವುದು ಎಂಬುದು ತಿಳಿಯದು. ಕಲಂದರನ ಹೊಟ್ಟೆಪಾಡನ್ನು ಲೆಕ್ಕಕ್ಕೆ ತೆಗೆದುಕೊಂಡಂತೆ ರೈತನ ಬೆಳೆನಷ್ಟವನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಈ ಉರುಳೂ ಬಿಚ್ಚೀತು. ಒಮ್ಮೆ ಈ ನೆಲದಲ್ಲೇ ಆದದ್ದು ಇನ್ನೊಮ್ಮೆ ಆಗಬಾರದೆಂದೇನೂ ಇಲ್ಲವಲ್ಲ.