ಹಸಿರು ಕಾರ್ಡು ಯಾರನ್ನು ಕಾಯಿತು?

ಯುರೋಪಿನಲ್ಲಿ ಗಡಿ ದಾಟುವ ಕಾರುಗಳಿಗೆ 1953ರಲ್ಲಿ ಬಂದ ವಿಮೆಯ ಹಸಿರು ಕಾರ್ಡು ಪ್ರವಾಸಿಗರ ರಕ್ಷಾಪತ್ರದಂತೆ ಕಾಣುತ್ತದೆ. ಅದು ಮೊದಲು ಕಾಯ್ದದ್ದು ಆತಿಥೇಯ ದೇಶದವರನ್ನು. ಫ್ರಾನ್ಸಿನಲ್ಲಿ ಜರ್ಮನಿಯ ಕಾರು ಗುದ್ದಿದರೆ ಗಾಯಾಳು ಫ್ರಾನ್ಸಿನ ವಿಮಾ ಬ್ಯೂರೋದಿಂದಲೇ ಪರಿಹಾರ ಕೇಳಬಹುದಿತ್ತು. ಆದರೆ ಪರದೇಶದಲ್ಲಿ ಅಲ್ಲಿನವರ ಕಾರಿನಿಂದಲೇ ಪೆಟ್ಟು ತಿಂದ ಪ್ರವಾಸಿಗ? ಊರಿಗೆ ಮರಳಿದ ಮೇಲೂ ಅರಿಯದ ಭಾಷೆಯಲ್ಲಿ ಆ ದೇಶದ ಕಂಪನಿಯ ಬೆನ್ನು ಹತ್ತಬೇಕಿತ್ತು. ಯುರೋಪಿಯನ್ ಆರ್ಥಿಕ ಸಮುದಾಯದ 1972ರ ನಿರ್ದೇಶನ ಗಡಿಯ ವಿಮಾ ತಪಾಸಣೆಯನ್ನು ತೆಗೆಯಿತೇ ಹೊರತು ಈ ಅನ್ಯಾಯವನ್ನಲ್ಲ. ಹಾಗಾಗಿ ನಿಜವಾದ ತಿರುವು ಯುರೋಪಿಯನ್ ಒಕ್ಕೂಟದ 2000ರ ನಿರ್ದೇಶನವೇ: ವಿಮಾ ಕಂಪನಿ ಉಳಿದ ಪ್ರತಿ ಸದಸ್ಯ ದೇಶದಲ್ಲೂ ಕ್ಲೇಮು ಪ್ರತಿನಿಧಿಯನ್ನು ನೇಮಿಸಬೇಕು, ಮೂರು ತಿಂಗಳೊಳಗೆ ಪರಿಹಾರದ ಪ್ರಸ್ತಾಪವನ್ನೋ ಕಾರಣಸಹಿತ ಉತ್ತರವನ್ನೋ ಕೊಡಬೇಕು. ಪರಿಹಾರಕ್ಕೆ ಸಾಮಾನ್ಯವಾಗಿ ಅಪಘಾತ ನಡೆದ ದೇಶದ ಕಾನೂನೇ ಅನ್ವಯಿಸುವುದರಿಂದ ಇದು ಬರಿಯ ಅಂಚೆ ಸೌಕರ್ಯ ಎನ್ನುವವರಿದ್ದಾರೆ. ಒಪ್ಪಲಾರೆ. ಗಡುವಿನೊಳಗೆ ಉತ್ತರ ಬಾರದಿದ್ದರೆ ಗಾಯಾಳು ತನ್ನದೇ ದೇಶದ ಪರಿಹಾರ ಸಂಸ್ಥೆಯ ಬಾಗಿಲು ತಟ್ಟಬಹುದು. ಹಣವನ್ನು ಆಮೇಲೆ ಗಡಿಯಾಚೆಯಿಂದ ವಸೂಲು ಮಾಡುವ ಹೊಣೆ ಆ ಸಂಸ್ಥೆಯದು.